ಹಳೇ ಬೀದಿ ಉಳಿಸಲು ಹೊರಟವರಿಗೆ: ಕೋಲಾರದ ಕೋಟೆಯಿಂದ ಒಂದು ಮಾರ್ಗದರ್ಶಿ

ನಮ್ಮ ಬೀದಿಯ ಒಂದು ಮನೆಯ ಜಗಲಿಗೆ ಮೂರು ಮೆಟ್ಟಿಲಿದ್ದವು. ಹುಡುಗರಾಗಿದ್ದಾಗ ಅದರ ಮೇಲೆ ಕೂತೇ ಗೋಲಿ ಲೆಕ್ಕ ಹಾಕುತ್ತಿದ್ದೆವು. ಈಗ ಒಂದು ಮೆಟ್ಟಿಲೂ ಕಾಣುವುದಿಲ್ಲ. ಯಾರೂ ಕಿತ್ತುಹಾಕಿಲ್ಲ. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ಹಳೇ ಪದರದ ಮೇಲೇ ಹೊಸ ಪದರ ಬಿದ್ದು, ಬೀದಿಯೇ ಜಗಲಿಯ ಮಟ್ಟಕ್ಕೆ ಏರಿದೆ. ಜೋರು ಮಳೆ ಹೊಡೆದರೆ ನೀರು ಹೊಸಿಲು ದಾಟಿ ಪಡಸಾಲೆಗೆ ಬರುತ್ತದೆ, ಮಣ್ಣಿನ ಗೋಡೆ ಬುಡದಿಂದಲೇ ನೆನೆಯುತ್ತದೆ. ಎರಡು ಮಳೆಗಾಲ ಹೀಗೆ ಕಳೆದ ಮೇಲೆ ಮನೆಯವರು ‘ಇನ್ನು ಕೆಡವಿಬಿಡೋಣ’ ಅಂದರೆ ಅವರದೇನು ತಪ್ಪು?

ಕೋಲಾರ ಸಣ್ಣ ಊರಲ್ಲ. ಗಂಗರ ಶಾಸನಗಳಲ್ಲಿ ಅರಸರನ್ನು ‘ಕುವಳಾಲಪುರವರೇಶ್ವರ’ ಎಂದು ಕರೆದಿರುವುದು ಇದೇ ಊರಿನ ಹೆಸರಿನಿಂದ. ಕೋಟೆಯೊಳಗೆ ಕೋಲಾರಮ್ಮನ ಗುಡಿ ಇದೆ, ಅಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಪಕ್ಕದಲ್ಲೇ ವಿಜಯನಗರ ಶೈಲಿಯ ಸೋಮೇಶ್ವರ ದೇವಸ್ಥಾನ, ಅದರ ಎತ್ತರದ ಗೋಪುರ, ಕೆತ್ತನೆ ಕಂಬಗಳ ಕಲ್ಯಾಣ ಮಂಟಪ. ನೋಡಲು ಬರುವವರು ಈ ಎರಡನ್ನು ನೋಡಿ ಅಂತರಗಂಗೆ ಬೆಟ್ಟಕ್ಕೆ ಹೊರಟುಬಿಡುತ್ತಾರೆ. ಗುಡಿಗಳಿಗೆ ಕಾವಲುಗಾರರಿದ್ದಾರೆ, ಕಾನೂನಿದೆ. ನಡುವಿನ ಬೀದಿಗಳಿಗೆ ಅಲ್ಲಿ ವಾಸ ಮಾಡುವವರನ್ನು ಬಿಟ್ಟರೆ ಯಾರೂ ಇಲ್ಲ. ಹಾಗಾಗಿ ಈ ಲೇಖನ ಅಂಥ ಬೀದಿಗಳ ನಿವಾಸಿಗಳಿಗೆ. ತುಮಕೂರಿನ ಚಿಕ್ಕಪೇಟೆಯಲ್ಲಿರುವವರಿಗೂ ಶಿಡ್ಲಘಟ್ಟದ ಹಳೇ ಕೇರಿಗಳಲ್ಲಿರುವವರಿಗೂ ಇದರಲ್ಲಿ ಬಹುಪಾಲು ಹಾಗೇ ಹೊಂದುತ್ತದೆ.

ಮೊದಲು ಸೋರುವ ಮಾಡು, ಆಮೇಲೆ ಸಂಘ

ಹೆಚ್ಚಿನವರು ಸಂಘದ ಹೆಸರು, ಲೆಟರ್‌ಹೆಡ್, ಉದ್ಘಾಟನೆಯಿಂದ ಶುರು ಮಾಡುತ್ತಾರೆ. ನಾವೂ ಮೊದಲು ಒಂದು ಸಭೆ ಕರೆದೆವು. ಬಂದವರು ಒಂಬತ್ತು ಜನ. ಅವರಲ್ಲಿ ಹಳೇ ಮನೆ ಇದ್ದವರು ಇಬ್ಬರೇ. ಉಳಿದವರೆಲ್ಲ ಪರಂಪರೆಯ ಬಗ್ಗೆ ಚೆನ್ನಾಗಿ ಮಾತಾಡಿದರು, ಕಾಫಿ ಕುಡಿದು ಎದ್ದು ಹೋದರು.

ಮರುವಾರ ಒಬ್ಬ ಅಜ್ಜಿಯ ಮನೆಗೆ ಹೋದೆವು. ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: “ಏನಪ್ಪಾ, ಫೋಟೋ ಹಿಡ್ಕೊಂಡು ಹೋಗಿ ಸರ್ಕಾರಕ್ಕೆ ಕೊಡ್ತೀರಾ? ಆಮೇಲೆ ಒಂದು ಮೊಳೆ ಹೊಡೆಯೋಕೂ ಬಿಡಲ್ಲ ಅಂತಾರೆ.” ಆ ಮನೆಯ ನಡುಮನೆಯಲ್ಲಿ ಹೆಂಚು ಒಡೆದು ಸೋರುತ್ತಿತ್ತು. ಕೆಳಗೆ ಒಂದು ಬಕೆಟ್, ಒಂದು ಪಾತ್ರೆ. ನಾವು ನಾಲ್ಕು ಜನ ಸೇರಿ, ಕೆಡವಿದ್ದ ಬೇರೊಂದು ಮನೆಯಿಂದ ಮಂಗಳೂರು ಹೆಂಚು ತಂದು, ಒಬ್ಬ ಹೆಂಚು ಹೊದಿಸುವವನನ್ನು ಕರೆಸಿ ಒಂದು ಭಾನುವಾರದಲ್ಲಿ ಸರಿ ಮಾಡಿದೆವು. ಮುಂದಿನ ಸಭೆಗೆ ಅಜ್ಜಿ ತಾವೇ ಬಂದರು, ಜೊತೆಗೆ ಆರು ಮನೆಯವರನ್ನು ಕರೆತಂದರು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹಳೇ ಮನೆ ಬೀಳುವುದು ಮನೆಯವರಿಗೆ ಅಭಿಮಾನ ಇಲ್ಲದ್ದಕ್ಕಲ್ಲ, ಸೋರಿಕೆ ನಿಲ್ಲಿಸುವವರು ಸಿಗದ್ದಕ್ಕೆ. ಆದ್ದರಿಂದ ನಿಮ್ಮ ಮೊದಲ ಕೆಲಸ ಬೀದಿಯಲ್ಲಿ ಅತಿ ಹೆಚ್ಚು ಕಷ್ಟದಲ್ಲಿರುವ ಒಂದು ಮನೆಯನ್ನು ಗುರುತಿಸಿ, ಅಲ್ಲಿ ಕಣ್ಣಿಗೆ ಕಾಣುವ ಒಂದು ರಿಪೇರಿ ಮಾಡಿಸುವುದು.

ನಿಮ್ಮ ಮನೆ ಯಾವ ಗೆರೆಯೊಳಗಿದೆ?

ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಅಕ್ಕಪಕ್ಕ ಇರುವವರು ಮೊದಲೇ ತಿಳಿದುಕೊಳ್ಳಬೇಕಾದ ಸಂಗತಿ ಇದು. ಕೋಲಾರಮ್ಮ, ಸೋಮೇಶ್ವರ ಎರಡೂ ದೇವಸ್ಥಾನಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪಟ್ಟಿಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗೋಪುರದಿಂದಲೋ ಗರ್ಭಗುಡಿಯಿಂದಲೋ ಅಲ್ಲ, ಸಂರಕ್ಷಿತ ಜಾಗದ ಅಂಚಿನಿಂದ. ಎರಡು ಸ್ಮಾರಕ ಹತ್ತಿರವಿದ್ದರೆ ಗೆರೆಗಳು ಒಂದರ ಮೇಲೊಂದು ಬರುತ್ತವೆ. ಆಗ ಒಂದೇ ಬೀದಿಯ ಆ ತುದಿಗೊಂದು ನಿಯಮ, ಈ ತುದಿಗೊಂದು ನಿಯಮ ಆಗಬಹುದು.

ಜನರಿಗೆ ಗೊತ್ತಿಲ್ಲದ, ಗೊತ್ತಿಲ್ಲದೆ ಕೈಸುಟ್ಟುಕೊಳ್ಳುವ ವಿಷಯವೊಂದಿದೆ. ನಿಷೇಧಿತ ಪ್ರದೇಶದೊಳಗೆ 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಯ ರಿಪೇರಿಗೆ, ನವೀಕರಣಕ್ಕೆ ಅನುಮತಿ ಕೇಳಬಹುದು. ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅಂದರೆ ‘ಹಳೇದನ್ನು ಕೆಡವಿ ಮೂರು ಅಂತಸ್ತು ಎಬ್ಬಿಸೋಣ’ ಎಂದು ಆತುರದಲ್ಲಿ ಜೆಸಿಬಿ ತರಿಸಿದವನಿಗೆ ಕೊನೆಗೆ ಖಾಲಿ ನಿವೇಶನ ಉಳಿದೀತು. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನಿಯಂತ್ರಿತ ಪ್ರದೇಶದಲ್ಲಾದರೆ ಹೊಸದಾಗಿ ಕಟ್ಟಲೂ ರಿಪೇರಿಗೂ ಮೊದಲು ಅರ್ಜಿ ಹಾಕಬೇಕು. ಅರ್ಜಿ ಸಮರ್ಥ ಪ್ರಾಧಿಕಾರಿಗೆ ಹೋಗಿ, ಅಲ್ಲಿಂದ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿಗೆ ಹೋಗುತ್ತದೆ. ಆ ಕಾಗದ ಇಲ್ಲದೆ ನಗರಸಭೆಯ ಪರವಾನಗಿ ಮಾತ್ರ ಹಿಡಿದುಕೊಂಡರೆ ಸಾಲದು.

ಸಂಘದವರು ಮಾಡಬೇಕಾದದ್ದು ಇಷ್ಟು: ಸಿಟಿ ಸರ್ವೆ ನಕ್ಷೆಯ ಪ್ರತಿ ತಂದು, ಎರಡು ಗೆರೆಗಳನ್ನು ಬಣ್ಣದ ಪೆನ್ಸಿಲ್ಲಿನಲ್ಲಿ ಎಳೆದು, ಯಾವ ಮನೆ ಎಲ್ಲಿ ಬರುತ್ತದೆ ಎಂದು ಮನೆಯವರಿಗೆ ತೋರಿಸುವುದು. ನಮ್ಮ ಕೈಗೆರೆ ಅಂದಾಜು ಮಾತ್ರ, ಅಧಿಕೃತ ದೂರವನ್ನು ಇಲಾಖೆಯವರೇ ಹೇಳಬೇಕು. ಆದರೂ ಮಗಳ ಮದುವೆಗೆಂದು ಮನೆ ಮಾರಲು ಹೊರಟ ಒಬ್ಬರು ಈ ನಕ್ಷೆ ನೋಡಿ, ದಲ್ಲಾಳಿ ಹೇಳಿದ ‘ಕೆಡವಿದ ಸೈಟಿಗೆ ಜಾಸ್ತಿ ರೇಟು’ ಎಂಬ ಮಾತನ್ನು ಬಿಟ್ಟು, ಮನೆಯನ್ನು ಇದ್ದ ಹಾಗೇ ಬಾಡಿಗೆಗೆ ಕೊಟ್ಟರು.

ಮನೆ ಮನೆ ದಾಖಲೆ

ಒಂದು ನೋಟ್‌ಬುಕ್, ಒಂದು ಟೇಪು, ಒಂದು ಮೊಬೈಲು ಸಾಕು. ಪ್ರತಿ ಮನೆಗೂ ಒಂದು ಹಾಳೆ. ಬಾಗಿಲ ಸಂಖ್ಯೆ, ಗೋಡೆ ಮಣ್ಣಿನದೋ ಇಟ್ಟಿಗೆಯದೋ ಕಲ್ಲಿನದೋ, ಮಾಡು ನಾಡ ಹೆಂಚೋ ಮಂಗಳೂರು ಹೆಂಚೋ ಮದ್ರಾಸ್ ತಾರಸಿಯೋ ಕಲ್ಲು ಚಪ್ಪಡಿಯೋ, ಕಂಬ ಎಷ್ಟು, ಬೋದಿಗೆಯಲ್ಲಿ (ಕಂಬದ ತಲೆಯ ಭಾಗ) ಕೆತ್ತನೆ ಇದೆಯೋ, ತೊಟ್ಟಿ (ಮನೆ ನಡುವಿನ ತೆರೆದ ಅಂಗಳ) ಇದೆಯೋ ಮುಚ್ಚಿದ್ದಾರೋ, ಹಿತ್ತಲಲ್ಲಿ ಬಾವಿ ಇದೆಯೋ ಎಂದು ಬರೆಯಿರಿ. ಇವುಗಳಿಗಿಂತ ಮುಖ್ಯವಾಗಿ ಎಲ್ಲಿ ಸೋರುತ್ತದೆ, ಎಲ್ಲಿ ಬಿರುಕಿದೆ, ಯಾರು ವಾಸವಿದ್ದಾರೆ ಎಂಬುದು ಇರಲಿ. ಮನೆಯ ವಯಸ್ಸು ಕೇಳಿದರೆ ಎಲ್ಲರೂ ‘ಇನ್ನೂರು ವರ್ಷ’ ಅನ್ನುತ್ತಾರೆ. ಹಳೇ ಕ್ರಯಪತ್ರ, ವಿಭಾಗಪತ್ರ ಕೇಳಿ ನೋಡಿ. ಅದರ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರದಲ್ಲಿ, ಜಗಲಿ, ಓಣಿ, ಪಕ್ಕದ ಮನೆಯವರ ಹೆಸರು ಎಲ್ಲ ಇರುತ್ತವೆ. ಮುಂದೆ ರಸ್ತೆ ಅಗಲೀಕರಣದ ಸಮಯದಲ್ಲಿ ‘ಜಗಲಿ ಒತ್ತುವರಿ’ ಎಂದು ಯಾರಾದರೂ ಹೇಳಿದರೆ ಆ ಎರಡು ಸಾಲು ಕೆಲಸಕ್ಕೆ ಬರುತ್ತವೆ.

ಫೋಟೋ ತೆಗೆಯುವಾಗ ಮುಂಭಾಗವನ್ನು ನೇರ ಎದುರಿನಿಂದ ತೆಗೆಯಿರಿ, ಪಕ್ಕದಲ್ಲಿ ಅಳತೆ ಪಟ್ಟಿಯೊಂದನ್ನು ನಿಲ್ಲಿಸಿರಿ. ಒಂದು ಎಚ್ಚರಿಕೆ: ಕೆತ್ತನೆ ಬಾಗಿಲು, ಕಂಬ, ದೇವರ ಮನೆಯ ಫೋಟೋಗಳನ್ನು ವಿಳಾಸದೊಂದಿಗೆ ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಹಳೇ ಮರ ಕೊಳ್ಳುವವರು ಇಂಥದ್ದನ್ನೇ ಹುಡುಕುತ್ತಿರುತ್ತಾರೆ. ಒಂಟಿ ವೃದ್ಧರ ಮನೆ ಬಾಗಿಲಿಗೆ ಅವರನ್ನು ನಾವೇ ಕಳಿಸಿದಂತಾಗುತ್ತದೆ. ದಾಖಲೆಯ ಒಂದು ಪ್ರತಿ ಮನೆಯವರ ಕೈಯಲ್ಲೇ ಇರಲಿ.

ನೋಂದಣಿ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಕನಿಷ್ಠ ಏಳು ಮಂದಿ ವಯಸ್ಕರು ಸೇರಿದರೆ ಸಂಘ ನೋಂದಾಯಿಸಬಹುದು. ಉದ್ದೇಶಗಳ ಪಟ್ಟಿಯಲ್ಲಿ ‘ಪಾರಂಪರಿಕ ಕಟ್ಟಡಗಳ ದಾಖಲೀಕರಣ, ದುರಸ್ತಿಗೆ ನೆರವು, ನಗರ ಯೋಜನೆಗೆ ಸಲಹೆ ಮತ್ತು ಆಕ್ಷೇಪಣೆ ಸಲ್ಲಿಕೆ’ ಎಂದು ಬಿಡಿಸಿ ಬರೆಯಿರಿ. ಬರೀ ‘ಸಮಾಜ ಸೇವೆ’ ಎಂದು ಬರೆದರೆ ನಾಳೆ ಕಚೇರಿಯಲ್ಲಿ ‘ನಿಮಗೇನು ಸಂಬಂಧ?’ ಎಂಬ ಪ್ರಶ್ನೆ ಬರುತ್ತದೆ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ, ಲೆಕ್ಕಪರಿಶೋಧನೆ, ನೋಂದಣಾಧಿಕಾರಿಗೆ ಪದಾಧಿಕಾರಿಗಳ ಪಟ್ಟಿ ತಪ್ಪಬಾರದು. ಬಾಡಿಗೆದಾರರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳಿ. ಎಷ್ಟೋ ಹಳೇ ಮನೆಗಳಲ್ಲಿ ದಿನಾ ದೀಪ ಹಚ್ಚುತ್ತಿರುವವರು ಅವರೇ.

ರಿಪೇರಿ: ಸಿಮೆಂಟಿನಿಂದ ದೂರವಿರಿ

ಇದು ನನಗೆ ಅತಿ ಹತ್ತಿರದ ವಿಷಯ. ಇಲ್ಲಿ ಆಗುವ ತಪ್ಪನ್ನು ಮತ್ತೆ ಸರಿ ಮಾಡುವುದೂ ಬಹಳ ಕಷ್ಟ.

ಮಣ್ಣು, ಹಳೇ ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ ನೆಲದಿಂದ ಒಂದಿಷ್ಟು ತೇವ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಹೊರಗೆ ಬರಲು ದಾರಿ ಇಲ್ಲ. ಅದು ಗೋಡೆಯೊಳಗೇ ಮೇಲಕ್ಕೆ ಏರುತ್ತದೆ. ಎರಡು ಮೂರು ವರ್ಷದಲ್ಲಿ ಸಿಮೆಂಟಿನ ಪದರ ಉಬ್ಬಿ ದಪ್ಪ ಹಪ್ಪಳದಂತೆ ಬೀಳುತ್ತದೆ. ಬೀಳುವಾಗ ಹಳೇ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಆಗ ಮೇಸ್ತ್ರಿ ‘ಗೋಡೆ ಲಡ್ಡಾಗಿದೆ ಸಾರ್, ಒಡೆದುಬಿಡಿ’ ಅನ್ನುತ್ತಾನೆ. ಗೋಡೆ ಹಾಳಾಗಿದ್ದೇ ರಿಪೇರಿಯಿಂದ.

ಮದ್ರಾಸ್ ತಾರಸಿಯ ಕಥೆಯೂ ಹೀಗೇ. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ, ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಗಾರೆ ಹಾಕಿ ಬಡಿದಿರುತ್ತಾರೆ. ಸೋರಿತೆಂದು ಅದರ ಮೇಲೆ 3 ಇಂಚು ಕಾಂಕ್ರೀಟ್ ಸುರಿದರೆ ಪ್ರತಿ ಚದರ ಮೀಟರಿಗೆ ಸುಮಾರು 180 ಕಿಲೋ ಭಾರ ಹೆಚ್ಚಾಗುತ್ತದೆ. 10 ಅಡಿಗೆ 12 ಅಡಿಯ ಕೋಣೆಯೊಂದಕ್ಕೆ ಲೆಕ್ಕ ಹಾಕಿ, 2 ಟನ್ ಆಯಿತು. ಹಳೇ ತೊಲೆ ಅದನ್ನು ಹೊರಬೇಕು. ಹೆಚ್ಚಿನ ಕಡೆ ಸೋರಿಕೆಗೆ ಕಾರಣ ಮೇಲ್ಪದರದ ಬಿರುಕು, ನೀರು ಹೋಗುವ ದೋಣಿಯಲ್ಲಿ ಕಟ್ಟಿಕೊಂಡ ಕಸ, ಗೋಡೆ ಸಂದಿಯಲ್ಲಿ ಮೊಳೆತ ಅರಳಿ ಸಸಿ, ಇಷ್ಟೇ. ಮೊದಲು ದೋಣಿ ಬಿಡಿಸಿ. ಸಸಿ ಚಿಕ್ಕದಿರುವಾಗಲೇ ಬೇರು ಸಮೇತ ತೆಗೆಯಿರಿ. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗೆದ್ದಲು ಹಿಡಿದಿದೆ ಎಂದು ಅರ್ಥ, ಆಗ ಇಂಜಿನಿಯರ್ ಒಬ್ಬರಿಗೆ ತೋರಿಸದೆ ಮುಂದುವರಿಯಬೇಡಿ.

ಸುಣ್ಣದ ಗಾರೆ ಮಾಡುವ ಕ್ರಮ ನಾನು ಕಲಿತದ್ದು ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿಯಿಂದ. ಸುಟ್ಟ ಸುಣ್ಣದ ಕಲ್ಲನ್ನು ತೊಟ್ಟಿಯ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕಲ್ಲಿನ ರಾಶಿಯ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ನೀರು ಕೊತಕೊತ ಕುದಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ದೂರವಿಡಿ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ಸದಾ ನೀರು ನಿಲ್ಲುವ ಹಾಗೆ ಕನಿಷ್ಠ ಎರಡು ವಾರ ಬಿಡಬೇಕು. ಹೆಚ್ಚು ದಿನ ಬಿಟ್ಟಷ್ಟೂ ಬೆಣ್ಣೆಯಂತಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ತೇವ ಜಾಸ್ತಿ ಇರುವ ಬುಡದ ಭಾಗಕ್ಕೆ ಮರಳಿನ ಜೊತೆ ಒಂದಿಷ್ಟು ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ ಕಲಸುವುದು ನಮ್ಮ ಕಡೆಯ ಹಳೇ ರೂಢಿ. ಆ ಮೇಸ್ತ್ರಿ ಕಲಸಿದ ಗಾರೆಯನ್ನು ಕರಣೆಯಲ್ಲಿ ಎತ್ತಿ, ಕರಣೆಯನ್ನು ತಲೆಕೆಳಗು ಮಾಡಿ ಹಿಡಿಯುತ್ತಿದ್ದರು. ಬೀಳದೆ ಅಂಟಿಕೊಂಡು ನಿಂತರೆ ಮಾತ್ರ ಗೋಡೆಗೆ. ಬಿದ್ದರೆ ಮತ್ತೆ ಅರೆಯಲು ಕಳಿಸುತ್ತಿದ್ದರು.

ಹಾಕುವ ಮೊದಲು ಗೋಡೆಗೆ ನೀರು ಚಿಮುಕಿಸಿ. ಒಂದೊಂದು ಪದರ ಅರ್ಧ ಇಂಚು ಮೀರಬಾರದು. ಮೇಲೆ ಒದ್ದೆ ಗೋಣಿ ತಾಟು ಇಳಿಬಿಟ್ಟು ಒಂದು ವಾರವಾದರೂ ನಿಧಾನವಾಗಿ ಒಣಗಲು ಬಿಡಿ. ಮೊದಲು ಕಾಣದ ಮೂಲೆಯಲ್ಲಿ ಎರಡು ಅಡಿ ಮಾಡಿ ನೋಡಿ, ಸರಿ ಬಂದ ಮೇಲೆ ಮುಂದೆ. ಬಣ್ಣಕ್ಕೂ ಸುಣ್ಣವೇ, ತೆಳ್ಳಗೆ ಮೂರು ನಾಲ್ಕು ಸಲ. ಎನಾಮಲ್, ಪ್ಲಾಸ್ಟಿಕ್ ಪೇಂಟು ಬೇಡ.

ಇಂಥ ಮೇಸ್ತ್ರಿಗಳು ಕೆಲವರೇ ಉಳಿದಿದ್ದಾರೆ. ಸಂಘದ ದುಡ್ಡು ಮೊದಲು ಖರ್ಚಾಗಬೇಕಾದದ್ದು ಅವರ ಕೈಕೆಳಗೆ ಇಬ್ಬರು ಹುಡುಗರನ್ನು ಕೂಲಿ ಕೊಟ್ಟು ಕಲಿಯಲು ಬಿಡುವುದಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೋರ್ಡು, ಕಮಾನು, ಸನ್ಮಾನ ಆಮೇಲೆ ನೋಡಿಕೊಳ್ಳಬಹುದು.

ರಸ್ತೆ, ಚರಂಡಿ

ಮೆಟ್ಟಿಲು ನುಂಗಿದ ರಸ್ತೆಗೆ ಬರೋಣ. ಕೆಲಸ ಶುರುವಾದ ದಿನ ಬೀದಿಗಿಳಿದು ಕೂಗಾಡಿ ಪ್ರಯೋಜನವಿಲ್ಲ, ಅಂದಾಜು ಪಟ್ಟಿ ಆಗಲೇ ಮಂಜೂರಾಗಿರುತ್ತದೆ. ಪಟ್ಟಿ ತಯಾರಾಗುವ ಹೊತ್ತಿಗೆ ವಾರ್ಡ್ ಸದಸ್ಯರನ್ನೂ ನಗರಸಭೆ ಇಂಜಿನಿಯರನ್ನೂ ಕಂಡು ಒಂದೇ ಒಂದು ಬೇಡಿಕೆ ಬರವಣಿಗೆಯಲ್ಲಿ ಕೊಡಿ: ಹೊಸ ಡಾಂಬರು ಹಾಕುವ ಮೊದಲು ಹಳೇ ಪದರ ಕೆರೆದು ತೆಗೆಯಬೇಕು, ರಸ್ತೆ ಮಟ್ಟ ಹೊಸಿಲಿಗಿಂತ ಇಷ್ಟು ಕೆಳಗಿರಬೇಕು. ಮನೆ ಹಾಳೆಯಲ್ಲಿ ಹೊಸಿಲಿನ ಎತ್ತರ ಬರೆದಿಟ್ಟಿದ್ದರೆ ‘ಇಷ್ಟು’ ಎಂಬುದಕ್ಕೆ ನಿಮ್ಮ ಬಳಿ ಅಂಕಿ ಇರುತ್ತದೆ.

ಪಟ್ಟಿ ತೋರಿಸದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ದಾಟಬಾರದು. ಹಾಗಾಗಿ ‘ಇಂಥ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿಯ ಪ್ರತಿ’ ಎಂದಷ್ಟೇ ಬರೆಯಿರಿ.

ಪೈಪು ಹೂಳಲು ಅಗೆಯುವ ದಿನ ಸಂಘದ ಒಬ್ಬರು ಅಲ್ಲೇ ಇರಲಿ. ನಮ್ಮಲ್ಲಿ ಒಬ್ಬ ಗುತ್ತಿಗೆದಾರನ ಯಂತ್ರ ಹಳೇ ಚಪ್ಪಡಿ ಚರಂಡಿಯ ಕಲ್ಲುಗಳನ್ನು ಒಂದೇ ಬೆಳಗ್ಗೆ ಪುಡಿ ಮಾಡಿತು. ನಾವೆಲ್ಲ ಕೆಲಸಕ್ಕೆ ಹೋಗಿದ್ದೆವು. ಆ ಚಪ್ಪಡಿಗಳ ಅಳತೆಯೂ ನಮ್ಮ ಬಳಿ ಇರಲಿಲ್ಲ. ಆ ದಿನ ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಇನ್ನೊಂದು ದೂರದ ಕೆಲಸ ಮಾಸ್ಟರ್ ಪ್ಲಾನ್. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಎಂಬ ವ್ಯಾಖ್ಯೆಗಳಿವೆ. ಯೋಜನಾ ಪ್ರಾಧಿಕಾರ ಹಾಗೆ ಘೋಷಿಸಬಹುದು. ಕರಡು ಪ್ರಕಟವಾಗಿ ಆಕ್ಷೇಪಣೆ ಕರೆದಾಗ ನಿಮ್ಮ ಮನೆ ಹಾಳೆಗಳ ಕಟ್ಟನ್ನೇ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಭಾವುಕ ಮನವಿಗಿಂತ ಅಳತೆ ಸಹಿತ ಪಟ್ಟಿ ಹೆಚ್ಚು ಮಾತಾಡುತ್ತದೆ.

ಕಲ್ಲಿನ ಮೇಲಿನ ಅಕ್ಷರ

ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಕೋಲಾರ ಜಿಲ್ಲೆಯದು, ಪ್ರಕಟವಾದದ್ದು 1905ರಲ್ಲಿ. ತುಮಕೂರು ಜಿಲ್ಲೆಯದು 12ನೇ ಸಂಪುಟ. ಇವುಗಳಲ್ಲಿ ಶಾಸನಗಳು ತಾಲ್ಲೂಕುವಾರು ಸಂಖ್ಯೆಯೊಂದಿಗೆ, ಯಾವ ಗುಡಿಯ ಯಾವ ಕಡೆ, ಯಾವ ಹೊಲದಲ್ಲಿ ಎಂಬ ಸೂಚನೆಯೊಂದಿಗೆ ಇವೆ. ಆ ಪಟ್ಟಿ ಹಿಡಿದು ಒಂದೊಂದೇ ಕಲ್ಲು ಇನ್ನೂ ಇದೆಯೇ ಎಂದು ಹುಡುಕುವುದು ಕಾಲೇಜು ಮಕ್ಕಳಿಗೆ ಒಳ್ಳೆಯ ಕೆಲಸ.

ಸಿಕ್ಕ ಕಲ್ಲನ್ನು ಅಲುಗಿಸಬೇಡಿ. ತಂತಿ ಬ್ರಷ್, ಆ್ಯಸಿಡ್, ಎಣ್ಣೆ, ಬಣ್ಣ, ಅಕ್ಷರಕ್ಕೆ ಸೀಮೆಸುಣ್ಣ ತುಂಬುವುದು, ಯಾವುದೂ ಬೇಡ. ಮೆದು ಕುಂಚ ಮತ್ತು ನೀರು ಸಾಕು. ಓದಲು ಒಂದು ಉಪಾಯವಿದೆ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೇ ಹಿಡಿದು ಅಡ್ಡ ಬೆಳಕು ಬೀಳಿಸಿ. ನಮ್ಮಲ್ಲಿ ಬಟ್ಟೆ ಒಗೆಯುತ್ತಿದ್ದ ಒಂದು ಚಪ್ಪಡಿಯ ಮೇಲೆ ಹೀಗೆ ಬೆಳಕು ಬಿಟ್ಟಾಗ, ಹಗಲಲ್ಲಿ ಬರೀ ಗೀರು ಅಂದುಕೊಂಡಿದ್ದು ಸಾಲುಸಾಲಾಗಿ ಎದ್ದು ನಿಂತಿತು. ಆ ಮನೆಯ ಅಕ್ಕ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ “ಇಷ್ಟು ದಿನ ಇದರ ಮೇಲೆ ಸೋಪು ತಿಕ್ಕಿದ್ನಲ್ಲಪ್ಪಾ” ಅಂದರು. ಮರುದಿನವೇ ಒಗೆಯಲು ಬೇರೆ ಕಲ್ಲು ಹಾಕಿಸಿಕೊಂಡರು. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಓದಲಾಗದ ಕಲ್ಲಿನ ಫೋಟೋವನ್ನು ಅಂಥವರಿಗೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಕಳಿಸಿ.

ಪಾಯ ಅಗೆಯುವಾಗ ವಿಗ್ರಹ, ನಾಣ್ಯ ಸಿಕ್ಕರೆ ಕೆಲಸ ನಿಲ್ಲಿಸಿ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ಶಿಲ್ಪ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪುರಾವಸ್ತು ಕಾಯ್ದೆಯ ಅಡಿ ಬರುತ್ತವೆ. ಅಟ್ಟದ ಮೇಲಿನ ಓಲೆಗರಿ ಕಟ್ಟನ್ನು ಗುಜರಿಗೆ ಹಾಕುವ ಮುನ್ನ ಇದು ನೆನಪಿರಲಿ.

ಪಾಲಾಗುವ ಮನೆ

ಹಳೇ ಮನೆಗಳಿಗೆ ಮಳೆಗಿಂತ ದೊಡ್ಡ ಅಪಾಯ ವಿಭಾಗ. ನಾಲ್ಕು ಜನ ಅಣ್ಣತಮ್ಮಂದಿರು ತೊಟ್ಟಿಯ ನಡುವೆ ಗೋಡೆ ಎಬ್ಬಿಸುತ್ತಾರೆ, ಗಾಳಿ ಬೆಳಕು ಎರಡೂ ಹೋಗುತ್ತದೆ. ಸಂಘ ಇಲ್ಲಿ ಪಂಚಾಯ್ತಿ ಮಾಡಲು ಹೋಗಬಾರದು. ಆದರೆ ದಾರಿ ತೋರಿಸಬಹುದು: ತೊಟ್ಟಿ, ಬಾವಿ, ಮುಂಬಾಗಿಲನ್ನು ವಿಭಾಗಪತ್ರದಲ್ಲಿ ಎಲ್ಲರಿಗೂ ಸೇರಿದ್ದೆಂದು ಬರೆಸುವುದು, ಮುಂದಿನ ಕೋಣೆಯನ್ನು ಟೈಲರ್ ಅಂಗಡಿಗೋ ಟ್ಯೂಷನ್ನಿಗೋ ಬಾಡಿಗೆಗೆ ಕೊಡುವುದು, ಶೌಚಾಲಯ ಅಡುಗೆಮನೆಯಂಥ ಹೊಸ ಅನುಕೂಲಗಳನ್ನು ಹಿತ್ತಲ ಕಡೆ ಮಾಡಿಕೊಳ್ಳುವುದು. ಮನೆಯಲ್ಲಿ ಇಂದಿನ ಕಾಲದ ಸ್ನಾನದಮನೆ ಇಲ್ಲದಿದ್ದರೆ ಸೊಸೆ ಅಲ್ಲಿ ಇರಲು ಒಪ್ಪುವುದಿಲ್ಲ. ಅದು ನ್ಯಾಯವೇ. ಕೆಡವುವುದು ಖಚಿತವಾದರೂ ಹೋಗಿ ಅಳತೆ ತೆಗೆದುಕೊಳ್ಳಿ. ತೊಲೆ, ಹೆಂಚು, ಚಪ್ಪಡಿಗಳನ್ನು ದಲ್ಲಾಳಿಗೆ ಹೋಗುವ ಬೆಲೆಗೇ ಸಂಘಕ್ಕೆ ಕೇಳಿ. ಅಜ್ಜಿಯ ಮನೆಗೆ ನಾವು ಹೊದಿಸಿದ ಹೆಂಚು ಬಂದದ್ದು ಹಾಗೇ.

ವರ್ಷದ ಲೆಕ್ಕ

ನಮ್ಮ ಕಡೆ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಹೆಂಚು, ದೋಣಿ ನೋಡಿಬಿಡಿ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ಅಂದು ಬೆಳಗ್ಗೆ ಆರೂವರೆಗೆ ಸೋಮೇಶ್ವರದ ಗೋಪುರದಿಂದ ಹೊರಟು ಬೀದಿ ಬೀದಿ ನಡೆಸಿ ಶಾಲಾ ಮಕ್ಕಳಿಗೆ ತೋರಿಸಿ. ಮಾತಾಡುವವರು ಆಯಾ ಮನೆಯವರೇ ಆಗಿರಲಿ. ಆಗಸ್ಟಿನಲ್ಲಿ ಚರಂಡಿ ಇನ್ನೊಮ್ಮೆ ನೋಡಿ. ಮಳೆ ನಿಂತು ಗೋಡೆ ಒಣಗಿದ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಗಾರೆ ಕೆಲಸಕ್ಕೆ ಸರಿಯಾದ ಕಾಲ, ಬಿಸಿಲು ಎಳಸು, ಗಾರೆ ನಿಧಾನವಾಗಿ ಒಣಗುತ್ತದೆ. ಅದಕ್ಕೆ ಸುಣ್ಣ ದೀಪಾವಳಿ ಹೊತ್ತಿಗೇ ಅರಳಿಸಿ ತೊಟ್ಟಿಗೆ ಹಾಕಿರಬೇಕು.